ಗೊಣಗುತ್ತ ತಂದ ಸೌದೆ

"ಗುರುಗಳೇ, ಉಪಕಾರ ಮಾಡಿದವರೇ ಹೋಗಿಬಿಟ್ಟರೆ ನಮ್ಮ ಕೃತಜ್ಞತೆಯನ್ನು ಯಾರಿಗೆ ಒಪ್ಪಿಸಬೇಕು?"

ಹೀಗೆ ಕೇಳಿದವನು ರೇವಣನೆಂಬ ಶಿಷ್ಯ. ತಾಯಿಯಿಲ್ಲದ ಅವನನ್ನು ಚಿಕ್ಕಪ್ಪನ ಮನೆಯಲ್ಲಿ ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅವನ ಚಿಕ್ಕಮ್ಮ. ಆಕೆ ತೀರಿಹೋದ ಸುದ್ದಿ ಮಠಕ್ಕೆ ಮುಟ್ಟುವಷ್ಟರಲ್ಲಿ ಊರಿನಲ್ಲಿ ಎಲ್ಲವೂ ಮುಗಿದುಹೋಗಿತ್ತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ನೇಕಾರನಿದ್ದ. ಹಿಮಾಲಯದ ಮೇಲೊಂದು ಊರಿದೆ, ಅಲ್ಲಿ ಗುಡ್ಡದ ತುದಿಗೆ ಬೌದ್ಧರ ವಿಹಾರವಿದೆ, ವಿಹಾರದ ಅಂಗಳದಲ್ಲಿ ನಿಂತರೆ ಹಿಮದ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ ಎಂದು ಯಾತ್ರಿಕನೊಬ್ಬ ಅವನಿಗೆ ಹೇಳಿದ್ದ. ಒಮ್ಮೆಯಾದರೂ ಅದನ್ನು ನೋಡಬೇಕೆಂಬ ಆಸೆ ಅವನೊಳಗೆ ಬೇರು ಬಿಟ್ಟಿತು. ಮಗ ಮಗ್ಗಕ್ಕೆ ಕೂರುವಷ್ಟು ದೊಡ್ಡವನಾದ ಮೇಲೆ ನೇಕಾರ ಒಬ್ಬನೇ ಹೊರಟ.

ಹೊರಟದ್ದು ತಡವಾಗಿತ್ತು. ಊರು ಇನ್ನೇನು ಸಿಕ್ಕಿತು ಎನ್ನುವಾಗ ಹಿಮ ಬೀಳತೊಡಗಿತು. ಮೇಲಿನ ಗಾಳಿ ಅವನ ಎದೆಗೆ ಸಾಲಲಿಲ್ಲ. ದಾರಿಯಲ್ಲೇ ಕುಸಿದ.

ಎಚ್ಚರವಾದಾಗ ಅವನೊಂದು ಮರದ ಮನೆಯಲ್ಲಿದ್ದ. ಮೈಮೇಲೆ ದಪ್ಪ ಕಂಬಳಿ, ಪಕ್ಕದಲ್ಲಿ ಉರಿಯುವ ಒಲೆ. ಒಬ್ಬ ಮುದುಕಿ ಅವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಬಾಯಿಗೆ ಅಂಬಲಿ ಹಾಕುತ್ತಿದ್ದಳು. ಜ್ವರ ಬಿಡುವವರೆಗೂ ಅವನಿಗೆ ಕಂಡದ್ದು ಅವಳ ಮುಖವೊಂದೇ. ಅವನ ಮಾತು ಅವಳಿಗೆ ತಿಳಿಯದು, ಅವಳ ಮಾತು ಅವನಿಗೆ ತಿಳಿಯದು. ಆದರೂ ಅವನು ನರಳಿದಾಗಲೆಲ್ಲ ಅವಳು ಏನೋ ಹೇಳುತ್ತಿದ್ದಳು, ಅವನಿಗೆ ಸಮಾಧಾನವಾಗುತ್ತಿತ್ತು.

ದಾರಿ ಪೂರ್ತಿ ಮುಚ್ಚುವ ಮೊದಲು ಹೇಸರಗತ್ತೆಗಳ ಕೊನೆಯ ತಂಡ ಕೆಳಗೆ ಇಳಿಯುತ್ತಿತ್ತು. ಮುದುಕಿ ಅವನನ್ನು ಒಂದು ಹೇಸರಗತ್ತೆಯ ಮೇಲೆ ಕೂರಿಸಿ, ಕಂಬಳಿ ಸುತ್ತಿ ಕಳಿಸಿದಳು. ಅವನು ವಿಹಾರವನ್ನು ನೋಡಲಿಲ್ಲ, ಬೆಟ್ಟವನ್ನೂ ನೋಡಲಿಲ್ಲ. ಕೈ ಮುಗಿಯಲು ಕೂಡ ಕಂಬಳಿಯೊಳಗಿನಿಂದ ಕೈ ಬರಲಿಲ್ಲ.

ಊರಿಗೆ ಬಂದವನು ಕುರಿಗಾರರಿಂದ ಒಳ್ಳೆಯ ಉಣ್ಣೆ ತಂದ. ಹೆಂಡತಿ ನಯವಾಗಿ ನೂತುಕೊಟ್ಟಳು. ಅವನು ಒಂದು ಶಾಲು ನೇಯ್ದು, ಮದುವೆಯ ಸೀರೆಗೆ ಹಾಕುವಂಥ ಕೆಂಪು ರೇಷ್ಮೆಯ ಅಂಚು ಹಾಕಿದ. ಬೇಸಿಗೆ ಬಂದೊಡನೆ ಮತ್ತೆ ಹೊರಟ. ಈ ಸಲ ಬೆಟ್ಟದ ಆಸೆ ಅವನಿಗಿರಲಿಲ್ಲ. ಆ ಮುದುಕಿಯ ಕಾಲಿಗೆ ಬೀಳಬೇಕು, ಅಷ್ಟೇ.

ಮನೆ ಸಿಕ್ಕಿತು. ಬಾಗಿಲು ತೆರೆದವಳು ಮುದುಕಿಯ ಸೊಸೆ. ಕೆಳಗಿನ ಪೇಟೆಗೆ ಹೋಗಿಬರುತ್ತಿದ್ದ ಅವಳಿಗೆ ಅರೆಬರೆ ಹಿಂದಿ ಬರುತ್ತಿತ್ತು. ನೇಕಾರನಿಗೂ ಅಷ್ಟೇ ಬರುತ್ತಿತ್ತು.

"ಅತ್ತೆ ಚಳಿಗಾಲ ಮುಗಿಯುವ ಹೊತ್ತಿಗೆ ಹೋದರು" ಎಂದಳು.

ನೇಕಾರ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ. ಸೊಸೆ ಉಪ್ಪು, ಬೆಣ್ಣೆ ಹಾಕಿದ ಚಹಾ ತಂದಿಟ್ಟಳು. ಅದು ಆರಿತು. ಕೊನೆಗೆ ಅವನು ಗಂಟು ಬಿಚ್ಚಿ ಶಾಲು ತೆಗೆದು, "ಅವರಿಗೆಂದು ತಂದದ್ದು. ನೀನಾದರೂ ಹೊದ್ದುಕೋ, ತಂಗಿ" ಎಂದ.

ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. "ನನಗೆ ಬೇಡ ಅಣ್ಣ. ನಿಮಗೆ ಗೊತ್ತಿಲ್ಲ. ನಿಮ್ಮನ್ನು ಒಳಗೆ ಕರೆಯಬೇಡಿ ಎಂದು ಅತ್ತೆಗೆ ಹೇಳಿದವಳು ನಾನು. ಆ ಸಲ ಹಿಮ ಬೇಗ ಬಿತ್ತು, ಮನೆಯಲ್ಲಿ ಸೌದೆ ಸಾಲದು, ಮಗುವಿಗೆ ಕೆಮ್ಮು. ವಿಹಾರಕ್ಕೆ ಕಳಿಸಿ, ಭಿಕ್ಷುಗಳು ನೋಡಿಕೊಳ್ಳುತ್ತಾರೆ ಎಂದು ಜಗಳವಾಡಿದೆ. ಅತ್ತೆ ಕೇಳಲಿಲ್ಲ. ನೀವು ಇರುವಷ್ಟು ದಿನ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಮಾತಾಡಿದರೂ, ತಪ್ಪಾಯಿತು ಎಂದು ಹೇಳಲಿಲ್ಲ. ಹೇಳುವ ಮೊದಲೇ ಹೋಗಿಬಿಟ್ಟರು."

ನೇಕಾರನಿಗೆ ಮೈ ಮುದುಡಿದಂತಾಯಿತು. ತಾನು ಇಲ್ಲಿ ಯಾರಿಗೋ ಬೇಡವಾಗಿ ಮಲಗಿದ್ದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಶಾಲನ್ನು ಮತ್ತೆ ಗಂಟಿಗೆ ಸೇರಿಸಲು ಮಡಿಸತೊಡಗಿದ. ಮಡಿಸುತ್ತ ಒಲೆಯ ಕಡೆ ನೋಡಿದವನು ಕೈ ನಿಲ್ಲಿಸಿದ.

"ಆಗ ಈ ಒಲೆಗೆ ಸೌದೆ ತರುತ್ತಿದ್ದವರು ಯಾರು?"

"ನಾನೇ. ಅತ್ತೆಗೆ ಮೊಣಕಾಲು ನೋವು, ಕೆಳಗಿನ ಕಾಡಿಗೆ ಇಳಿಯುವುದು ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಗೊಣಗುತ್ತ ತರುತ್ತಿದ್ದೆ."

"ಅಂಬಲಿ ಕುದಿಸಿದವರು?"

"ಮನೆಯಲ್ಲಿ ಇನ್ಯಾರಿದ್ದರು? ನಾನೇ."

ನೇಕಾರ ಎದ್ದ. "ನೀನು ಗೊಣಗುತ್ತ ತಂದ ಸೌದೆ ಬೆಚ್ಚಗೇ ಉರಿಯಿತು ತಂಗಿ. ನಾನು ಬದುಕಿದೆ" ಎಂದು ಹೇಳಿ ಶಾಲನ್ನು ಬಿಚ್ಚಿ ಅವಳಿಗೆ ಹೊದಿಸಿದ. ಅವಳು ಈ ಸಲ ಹಿಂದೆ ಸರಿಯಲಿಲ್ಲ. ಕೆಂಪು ಅಂಚಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ಆಮೇಲೆ ಅವಳು ಆರಿದ ಚಹಾ ಚೆಲ್ಲಿ ಬೇರೆ ಬಿಸಿ ಚಹಾ ಕೊಟ್ಟಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, "ಬನ್ನಿ ಅಣ್ಣ, ಅತ್ತೆಯ ಹೆಸರಿನಲ್ಲಿ ದೀಪ ಹಚ್ಚೋಣ" ಎಂದು ವಿಹಾರಕ್ಕೆ ಕರೆದುಕೊಂಡು ಹೋದಳು. ಅಂಗಳದ ಗೋಡೆಯುದ್ದಕ್ಕೂ ಮಂತ್ರಚಕ್ರಗಳಿದ್ದವು. ಅವಳು ಒಂದೊಂದನ್ನೇ ತಿರುಗಿಸುತ್ತ ಮುಂದೆ ಹೋದಳು, ಅವನೂ ಹಾಗೆಯೇ ಮಾಡಿದ. ಒಳಗೆ ಬೆಣ್ಣೆಯ ದೀಪ ಹಚ್ಚಿದರು. ಅವಳು ಬುದ್ಧನ ಮುಂದೆ ನಿಂತು ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡಳು. ಅತ್ತೆಗೆ ಹೇಳದೆ ಉಳಿದದ್ದನ್ನು ಹೇಳುತ್ತಿದ್ದಾಳೆ ಎಂದು ನೇಕಾರನಿಗೆ ಮಾತು ತಿಳಿಯದೆಯೂ ತಿಳಿಯಿತು.

ಹೊರಗೆ ಬಂದಾಗ ಮೋಡ ಸರಿದಿತ್ತು. ಹಿಮದ ಬೆಟ್ಟ ಎದುರಿಗೇ ಇತ್ತು. ಅವನು ಇದೇ ಮೊದಲ ಸಲ ಅದನ್ನು ನೋಡಿದ. ಆ ದಿನ ಕಂಬಳಿಯೊಳಗೇ ಉಳಿದುಹೋಗಿದ್ದ ಕೈಗಳನ್ನು ಎತ್ತಿ ಮುಗಿದ. ಬೆಟ್ಟಕ್ಕೋ, ಮುದುಕಿಗೋ, ಪಕ್ಕದಲ್ಲಿ ನಿಂತವಳಿಗೋ ಎಂದು ಅವನು ಯೋಚಿಸಲಿಲ್ಲ. ಮನಸ್ಸು ತುಂಬಿತ್ತು.

ಗುರುಗಳು ಕತೆ ನಿಲ್ಲಿಸಿದರು.

ರೇವಣ ಕಣ್ಣೊರೆಸಿಕೊಂಡು, "ನೇಕಾರನಿಗೆ ಆ ಸೊಸೆಯಾದರೂ ಸಿಕ್ಕಳು. ನನಗೆ ಯಾರಿದ್ದಾರೆ ಗುರುಗಳೇ?" ಎಂದ.

ಗುರುಗಳು ಹೇಳಿದರು: "ನಿನ್ನ ತಟ್ಟೆಗೆ ರೊಟ್ಟಿ ಬಿದ್ದಾಗಲೆಲ್ಲ ಗೊಣಗುತ್ತಿದ್ದರೂ ಆ ರೊಟ್ಟಿಗೆ ಜೋಳ ದುಡಿದು ತಂದ ನಿನ್ನ ಚಿಕ್ಕಪ್ಪ ಇನ್ನೂ ಇದ್ದಾರಲ್ಲ?"