ಬರೆ ಬಿದ್ದರೆ ಯಾರ ನಾಲಿಗೆಗೆ?

"ಬೀಗರು ಬರುವಷ್ಟರಲ್ಲಿ ನಮ್ಮ ಕೋಟೆಯಲ್ಲಿ ಕಾಗೆಯೂ ಕೋಗಿಲೆಯ ಹಾಗೆ ಮಾತಾಡಬೇಕು, ಪ್ರಭು. ಅದು ನನ್ನ ಜವಾಬ್ದಾರಿ!"

ಬಿಲ್ಲೇಕೋಟೆಯ ದೊರೆ ಓಬಳನಾಯಕನ ಎದುರು ಪ್ರಧಾನಿ ಮಲ್ಲರಸಯ್ಯ ಹೀಗೆ ಎದೆ ತಟ್ಟಿಕೊಂಡ. ದೊರೆಯ ಮಗಳಿಗೆ ದೊಡ್ಡ ಮನೆತನದ ಸಂಬಂಧ ಕೂಡಿಬಂದಿತ್ತು. ಬೀಗರು ಭಾರಿ ನಯವಂತರಂತೆ. ನಮ್ಮವರೋ, ಬಾಯಿ ತೆಗೆದರೆ ಬೈಗುಳ. ದೊರೆ ಹೂಂ ಅಂದುಬಿಟ್ಟ.

ಪ್ರಧಾನಿ ಮೂರು ತಿಂಗಳು ಕೂತು ಒಂದು ಕಂತೆ ತಾಳೆಗರಿ ಬರೆದ. ಅದಕ್ಕೆ 'ಮೃದುಭಾಷೆ' ಎಂದು ಹೆಸರಿಟ್ಟ. ಇನ್ನು ಮೇಲೆ ಯಾರನ್ನೂ ಕತ್ತೆ ಅನ್ನುವಂತಿಲ್ಲ, 'ಭಾರ ಹೊರುವ ಮಹನೀಯ' ಅನ್ನಬೇಕು. 'ನಿನ್ನ ಮನೆ ಹಾಳಾಗ' ಅನ್ನುವಂತಿಲ್ಲ, 'ನಿನ್ನ ಮನೆಗೆ ಗಾಳಿ ಬೆಳಕು ಧಾರಾಳವಾಗಿ ಬರಲಿ' ಅನ್ನಬೇಕು. ಮೂದೇವಿಗೆ ಬದಲು 'ಶ್ರೀದೇವಿಯ ಅಕ್ಕ'. ತಪ್ಪಿ ಬೈದವರ ನಾಲಿಗೆಗೆ ಕಾದ ಕಬ್ಬಿಣದ ಬರೆ.

ಜನ ಎರಡೇ ದಿನದಲ್ಲಿ ಕಲಿತರು. ಮೂರನೆಯ ದಿನ ಸಂತೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಏನೇ ಶ್ರೀದೇವಿಯ ಅಕ್ಕ!" ಅಂದಳು. ಇಬ್ಬರೂ ಜುಟ್ಟು ಜುಟ್ಟು ಹಿಡಿದು ಬದನೆಕಾಯಿ ರಾಶಿಯ ಮೇಲೆ ಉರುಳಿದರು. ಇದನ್ನು ಕಣ್ಣಾರೆ ಕಂಡವನು ಸಣ್ಣೀರ. ದೊರೆಯ ಹಡಪ ಹೊತ್ತು, ಕೇಳಿದಾಗಲೆಲ್ಲ ಎಲೆ ಅಡಿಕೆ ಮಡಿಸಿ ಕೊಡುವುದು ಅವನ ಕೆಲಸ. ದೊರೆಯ ಬಾಯಿ ತುಂಬಿದ್ದಾಗ ಮಾತಾಡುವ ಸಲಿಗೆಯೂ ಅವನಿಗಿತ್ತು.

ಬೀಗರು ಬರುವ ದಿನ ಬಂತು. ದೊರೆ ಪಟ್ಟದಾನೆ ಭಾಗೀರಥಿಯ ಮೇಲೆ ಕೂತು ಊರ ಗಡಿಯಲ್ಲಿ ಅವರನ್ನು ಎದುರುಗೊಳ್ಳಬೇಕು. ಮುದಿ ಭಾಗೀರಥಿ ಕೋಟೆ ಬಾಗಿಲಿಗೆ ಬಂದವಳೇ, ದೊರೆ ಹತ್ತುವ ಮೊದಲೇ, ನಡುದಾರಿಯಲ್ಲಿ ಕೂತುಬಿಟ್ಟಳು. ಅವಳು ಕೂರುವುದು, ಮಾವುತ ಬುಡ್ಡೇಸಾಬ ಬೈಯುವುದು, ಅವಳು ಏಳುವುದು ನಲವತ್ತು ವರ್ಷದ ರೂಢಿ. ಪಾಪ, ಅವನು ರೂಢಿಯಂತೆ ಬಾಯಿ ತೆಗೆದ.

"ಏಳೇ ಹಾಳು ಮುದುಕಿ, ನಿನ್ನ ಹೆಣ ಎತ್ತ!"

ಅವಳು ಅರ್ಧ ಏಳುವುದರೊಳಗೆ ಕಾವಲಿನವರು ಬುಡ್ಡೇಸಾಬನ ರಟ್ಟೆ ಹಿಡಿದರು. ಅವಳು ಮತ್ತೆ ಕೂತಳು. ಕುಲುಮೆಯಿಂದ ಕಬ್ಬಿಣ ಬಂತು, ಕೆಂಪಗೆ ಕಾದು.

"ಬುಡ್ಡೇಸಾಬರೇ," ಎಂದ ಪ್ರಧಾನಿ, ಜೇನು ಸುರಿಯುವ ದನಿಯಲ್ಲಿ. "ದಯವಿಟ್ಟು ತಮ್ಮ ನಾಲಿಗೆಯನ್ನು ತುಸು ಹೊರಗೆ ಚಾಚುವಿರಾ?"

ಮುದುಕ ತುಟಿ ಬಿಗಿದುಕೊಂಡ. ಸಣ್ಣೀರನಿಗೆ ಸಿಟ್ಟು ನೆತ್ತಿಗೇರಿತು. ಅಲ್ಲ, ಇಂಥ ನಯದ ಮಾತಿಗಿಂತ ಮಾವುತನ ಬೈಗುಳವೇ ವಾಸಿಯಲ್ಲವೇ? ಆದರೆ ಅವನು ಸಿಟ್ಟು ತೋರಿಸಲಿಲ್ಲ. ಒಂದು ಎಲೆ ಮಡಿಸಿ ದೊರೆಯ ಬಾಯಿಗೆ ಕೊಟ್ಟ.

"ಪ್ರಭು, ಬರೆ ಆಮೇಲೆ ಹಾಕಿದರಾಯಿತು. ಹೊತ್ತು ಏರುತ್ತಿದೆ, ಬೀಗರು ಬಿಸಿಲಲ್ಲಿ ಕಾಯುತ್ತಾರೆ. ಪ್ರಧಾನಿಗಳೇ ಮೃದುಭಾಷೆಯಲ್ಲಿ ಆನೆಯನ್ನು ಎಬ್ಬಿಸಲಿ. ಅದಕ್ಕೆ ಅವಳು ಎದ್ದರೆ ಬುಡ್ಡೇಸಾಬನ ಜೊತೆಗೆ ನನ್ನ ನಾಲಿಗೆಗೂ ಬರೆ ಹಾಕಿ."

"ಅದೇನು ಮಹಾ!" ಎಂದು ಪ್ರಧಾನಿ ಮುಂದೆ ಬಂದ.

"ಒಂದು ಮಾತು, ಸ್ವಾಮಿ. ಮುದುಕಿಗೆ ಕಿವಿ ಮಂದ. ಕಂತೆ ಹಿಡಿದುಕೊಂಡು ತೀರ ಹತ್ತಿರ ನಿಂತು ಓದಿ."

ಪ್ರಧಾನಿ ಆನೆಯ ಮುಖದ ಹತ್ತಿರ ನಿಂತು ಕಂತೆ ಬಿಚ್ಚಿದ. "ಹೇ ಗಜರಾಣಿ! ಏಳುವಂಥವಳಾಗು. ನಿನ್ನ ಲಾಯಕ್ಕೆ ಗಾಳಿ ಬೆಳಕು ಧಾರಾಳವಾಗಿ ಬರಲಿ..."

ಭಾಗೀರಥಿ ಕಿವಿ ಬೀಸಿದಳು. ಏಳಲಿಲ್ಲ. ಪ್ರಧಾನಿ ಇನ್ನೊಂದು ಗರಿ ತಿರುವಿದ, ಇನ್ನೂ ಹತ್ತಿರ ಸರಿದ. ತಾಳೆಗರಿಯಲ್ಲಿ ಏನು ಬರೆದಿದ್ದರೆ ಆನೆಗೇನು? ಸೊಂಡಿಲು ಚಾಚಿದಳು, ಕಂತೆ ಕಿತ್ತಳು, ಬಾಯಿಗೆ ಹಾಕಿಕೊಂಡು ಕರಕರ ಅಗಿಯತೊಡಗಿದಳು.

ಮೂರು ತಿಂಗಳ ದುಡಿಮೆ! ಪ್ರಧಾನಿಯ ಮೈಮೇಲೆ ದೆವ್ವ ಬಂದಂತಾಯಿತು.

"ಎಲೇ ಹಾಳು ಮುದಿ ಮೂದೇವಿ! ನಿನ್ನ ಹೆಣ ಎತ್ತ! ನಿನ್ನ ಹೊಟ್ಟೆ ಸಿಡಿದುಹೋಗ! ನಿನ್ನ ವಂಶಕ್ಕೆ..."

ಮುಂದಿನದನ್ನು ಹೇಳಲು ನನಗೆ ಬಾಯಿ ಬಾರದು. ಕಾವಲಿನವರು ಕಿವಿ ಮುಚ್ಚಿಕೊಂಡರು. ಬುಡ್ಡೇಸಾಬನಂತೂ ಇಂಥ ಬೈಗುಳ ತನಗೂ ಗೊತ್ತಿರಲಿಲ್ಲವಲ್ಲ ಎಂದು ಬಾಯಿ ಬಿಟ್ಟು ನಿಂತ.

ಭಾಗೀರಥಿ ಥಟ್ಟನೆ ಎದ್ದಳು. ಸೊಂಡಿಲೆತ್ತಿ ಪ್ರಧಾನಿಗೆ ಸಲಾಮು ಮಾಡಿದಳು.

ಪ್ರಧಾನಿಯ ಕಣ್ಣು ಕಾದ ಕಬ್ಬಿಣದ ಮೇಲೆ ಬಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ದೊರೆ ಎಲೆ ಉಗುಳಿದ. "ಸಣ್ಣೀರ, ಹಾಗಾದರೆ ಬೈಯುವುದು ತಪ್ಪಲ್ಲವೇನೋ?"

"ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಅಂತ ಹಿರಿಯರ ಗಾದೆ, ಪ್ರಭು. ಬುಡ್ಡೇಸಾಬ ಹೆಣ ಎತ್ತ ಅಂದ, ಆದರೆ ನಲವತ್ತು ವರ್ಷ ಅವಳಿಗೆ ಉಣಿಸಿ ಉಂಡ. ಪ್ರಧಾನಿಗಳು ದಯವಿಟ್ಟು ಅಂದರು, ಆದರೆ ಕಾದ ಕಬ್ಬಿಣ ತರಿಸಿದ್ದರು. ಯಾವುದು ಬೈಗುಳ, ತಾವೇ ಹೇಳಿ."

"ಅದೆಲ್ಲ ಸರಿ. ಕಟ್ಟಳೆ ಕಟ್ಟಳೆಯೇ. ಬೈದ ನಾಲಿಗೆ ಈಗ ಎರಡಾಯಿತು. ಎರಡಕ್ಕೂ ಬರೆ ಹಾಕಲೇ?"

ಸಣ್ಣೀರ ಕೈ ಮುಗಿದ. "ಅಪ್ಪಣೆ, ಪ್ರಭು. ಆದರೆ ಸಂಜೆ ವಾಪಸು ಬರುವಾಗ ಮುದುಕಿ ಇದೇ ಬಾಗಿಲಲ್ಲಿ ಮತ್ತೆ ಕೂರುತ್ತಾಳೆ. ಅವಳನ್ನು ಎಬ್ಬಿಸುವ ನಾಲಿಗೆ ಈ ರಾಜ್ಯದಲ್ಲಿ ಇರುವುದು ಎರಡೇ. ಎರಡನ್ನೂ ಸುಟ್ಟರೆ ಬೀಗರ ಎದುರಿಗೆ ತಾವೇ ಬೈಯಬೇಕಾದೀತು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಬ್ಬಿಣವನ್ನು ನೀರಿನ ತೊಟ್ಟಿಗೆ ಎಸೆಸಿದ, ತನ್ನ ಕೈಯ ಕಡಗ ಕಳಚಿ ಸಣ್ಣೀರನಿಗೆ ತೊಡಿಸಿದ. ಬುಡ್ಡೇಸಾಬ ಕಣ್ಣೊರೆಸಿಕೊಂಡು ಆನೆಯ ಕೊರಳೇರಿದ.

ಹೊರಡುವಾಗ ದೊರೆ ಅಂಬಾರಿ ಏರಿ, ಅಲ್ಲಿಂದ ಬಗ್ಗಿ ಕೇಳಿದ: "ಪ್ರಧಾನಿಗಳೇ, ಮೃದುಭಾಷೆಯ ಇನ್ನೊಂದು ಪ್ರತಿ ಇದೆಯೋ?"

ಪ್ರಧಾನಿಯ ಮುಖ ಅರಳಿತು. "ಇದೆ, ಪ್ರಭು! ಮನೆಯಲ್ಲಿ ಭದ್ರವಾಗಿದೆ."

"ಒಳ್ಳೆಯದು. ಸಂಜೆಗೆ ತನ್ನಿ. ಮುದುಕಿಗೆ ರುಚಿ ಹತ್ತಿದೆ."