ನರಿ ಗುಡಿಸಿದ ಹಾದಿ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಸಂಜೆ ಹೊತ್ತು ಕೆರೆಯ ಸುತ್ತ ಅಡ್ಡಾಡುವ ಹವ್ಯಾಸ ಹತ್ತಿಕೊಂಡಿತು. ಹೊಟ್ಟೆ ತುಂಬಿದವರಿಗೆ ಹತ್ತುವ ಹವ್ಯಾಸ ಅದು. ಆದರೆ ಕೆರೆಯ ಸುತ್ತಲಿನ ಹಾದಿ ಬರೀ ಕಲ್ಲು, ಕೊರಕಲು. ಒಂದು ಸಂಜೆ ಕಡವೆಯ ಕಾಲು ಉಳುಕಿತು. ಮರುದಿನವೇ ಸಭೆ ಸೇರಿತು. ಎಲ್ಲರೂ ನಡೆಯುವ ಹಾದಿಗೆ ಏನು ಹಾಸಬೇಕು ಎಂಬುದೇ ವಿಷಯ.

ಆನೆ ಅಧ್ಯಕ್ಷತೆ ವಹಿಸಿತು. ಆನೆ ಮಾತಾಡುವಾಗ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಅದಕ್ಕಿದ್ದ ಅರ್ಹತೆ ಅದೊಂದೇ.

"ಚಪ್ಪಡಿ ಕಲ್ಲು ಹಾಸೋಣ," ಎಂದಿತು ಆನೆ. "ನೂರು ವರ್ಷ ಅಲ್ಲಾಡುವುದಿಲ್ಲ."

"ಕಾದ ಚಪ್ಪಡಿಯ ಮೇಲೆ ನಾನು ರೊಟ್ಟಿಯ ಹಾಗೆ ಬೇಯಬೇಕೇನಮ್ಮಾ?" ಎಂದಿತು ಮುದಿ ಆಮೆ.

"ಹಾಗಾದರೆ ಹುಲ್ಲು ಬೆಳೆಸೋಣ," ಎಂದಿತು ಕಡವೆ.

"ಬೆಳೆಸು. ಸಂಜೆಯೊಳಗೆ ಹಾದಿಯನ್ನೇ ಮೇಯ್ದು ಮುಗಿಸುತ್ತೀಯ," ಎಂದಿತು ಗೌಜಲಕ್ಕಿ.

ಗೌಜಲಕ್ಕಿ ಕೋಳಿಯ ಹಾಗೆ ನೆಲದ ಮೇಲೆ ಓಡಾಡುವ, ಪೊದೆಯ ಬುಡದಲ್ಲಿ ಮೊಟ್ಟೆಯಿಡುವ ಸಣ್ಣ ಹಕ್ಕಿ. ಈ ಗೌಜಲಕ್ಕಿಗೆ ಯಾವ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸವಿರಲಿಲ್ಲ. ಹಾಗಾಗಿ ಅದಕ್ಕೆ ಗೆಳೆಯರೂ ಹೆಚ್ಚಿರಲಿಲ್ಲ.

"ಗುಡ್ಡದ ಗರಸು ಮಣ್ಣು ತಂದು ಹರಡಿ," ಎಂದಿತು ಅದು. "ಆನೆಯಮ್ಮ ನಾಲ್ಕು ಸಲ ಮೇಲೆ ಓಡಾಡಿದರೆ ಗಟ್ಟಿಯಾಗಿ ಕೂರುತ್ತದೆ. ಮಳೆಗೆ ಕೆಸರಾಗದು, ಬಿಸಿಲಿಗೆ ಸುಡದು."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ನರಿ ಎದ್ದು ನಿಂತಿತು.

"ಗರಸೇ? ಅಯ್ಯೋ ಗೌಜಲಕ್ಕ, ಆಮೆಯಜ್ಜನ ಹೊಟ್ಟೆಯ ಗತಿಯೇನು? ಎಳೆದುಕೊಂಡು ಹೋಗುವ ಜೀವ ಅದು. ನನ್ನ ಕೇಳಿದರೆ ಹೊಳೆದಂಡೆಯ ನುಣ್ಣನೆ ಮರಳು ಹಾಸಬೇಕು. ಅಜ್ಜನ ಹೊಟ್ಟೆಗೂ ಹಿತ, ಕಡವೆಯಣ್ಣನ ಕಾಲಿಗೂ ಹಿತ. ದಿನಾ ಸಂಜೆ ಹಾದಿ ಗುಡಿಸುವ ಸೇವೆ ನನಗಿರಲಿ. ದೇವರು ಇಷ್ಟುದ್ದ ಬಾಲ ಕೊಟ್ಟಿರುವುದು ಯಾತಕ್ಕೆ?"

ಆಮೆಯ ಕಣ್ಣು ಒದ್ದೆಯಾಯಿತು. ಅದರ ದೀರ್ಘ ಆಯುಷ್ಯದಲ್ಲಿ ಯಾರೂ ಅದರ ಹೊಟ್ಟೆಯನ್ನು ವಿಚಾರಿಸಿರಲಿಲ್ಲ.

"ಇದರಲ್ಲಿ ನಿನಗೇನು ಲಾಭ, ನರಿಯಣ್ಣ?" ಎಂದು ಗೌಜಲಕ್ಕಿ ಕೇಳಿತು.

"ಸೇವೆ ಮಾಡುವವನಿಗೆ ಲಾಭ ಇರಲೇಬೇಕೇ ಅಕ್ಕ?"

"ಇಲ್ಲದಿದ್ದರೆ ನೀನು ಮಾಡುತ್ತಿರಲಿಲ್ಲ."

"ಮೊಸರಲ್ಲಿ ಕಲ್ಲು ಹುಡುಕುವುದು ನಿನ್ನ ಹುಟ್ಟುಗುಣ, ಬಿಡು," ಎಂದಿತು ಕಡವೆ. ಎಲ್ಲರೂ ನಕ್ಕರು. ಮರಳು ಎಂದು ತೀರ್ಮಾನವಾಯಿತು. ಬೇಡ ಎಂದದ್ದು ಗೌಜಲಕ್ಕಿ ಮಾತ್ರ.

ಆನೆ ಸೊಂಡಿಲು ತುಂಬ ಮರಳು ತಂದು ಸುರಿಯಿತು. ಹಾದಿ ಸಿದ್ಧವಾಯಿತು. ನಡೆದರೆ ಹತ್ತಿಯ ಮೇಲೆ ನಡೆದ ಹಾಗಿತ್ತು. ಸಂಜೆ ಎಲ್ಲರೂ ತಿರುಗಾಡಿ ಹೋದ ಮೇಲೆ ನರಿ ಬಾಲದಿಂದ ಗುಡಿಸಿ ಹಾದಿಯನ್ನು ಹಾಳೆಯಂತೆ ನುಣ್ಣಗೆ ಮಾಡುತ್ತಿತ್ತು. "ಇಂಥವರು ಕಾಡಿಗೊಬ್ಬರಿದ್ದರೆ ಸಾಕು," ಎಂದು ಆಮೆ ಸಿಕ್ಕಸಿಕ್ಕವರಿಗೆಲ್ಲ ಹೇಳಿತು. ಗೌಜಲಕ್ಕಿಯೂ ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಮರಳಿನಲ್ಲಿ ಹೊರಳಾಡಿ ರೆಕ್ಕೆ ಕೊಡವಿಕೊಂಡಿತು. ಹಿತವಾಗಿಯೇ ಇತ್ತು. ತನ್ನ ಅನುಮಾನ ಸುಳ್ಳಾಯಿತೇನೋ ಎಂದು ಅದಕ್ಕೆ ಸ್ವಲ್ಪ ಬೇಸರವೂ ಆಯಿತು.

ಆ ವಾರವೇ ಅದು ಹಾದಿಯ ಪಕ್ಕದ ಲಂಟಾನದ ಪೊದೆಯಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಆಚೆ ಪೊದೆಯಲ್ಲಿ ಹೆಣ್ಣುನವಿಲೂ ಕಾವಿಗೆ ಕೂತಿತ್ತು. ಇಬ್ಬರೂ ಬೆಳಿಗ್ಗೆ ಎದ್ದು, ಹಾದಿ ದಾಟಿ, ಕೆರೆಯಲ್ಲಿ ನೀರು ಕುಡಿದು ಬರುತ್ತಿದ್ದರು.

ಒಂದು ಬೆಳಿಗ್ಗೆ ನವಿಲು ನೀರು ಕುಡಿದು ವಾಪಸ್ಸು ಬಂದಾಗ ಗೂಡು ಬರಿದಾಗಿತ್ತು. ಅದು ಕಿರುಚಿದ ಕಿರುಚಿಗೆ ಕಾಡೆಲ್ಲ ಓಡಿಬಂದು ಹಾದಿಯಂಚಿನ ಹುಲ್ಲಿನಲ್ಲಿ ನಿಂತಿತು. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಹೆಚ್ಚು ಮರುಗಿದ್ದು ನರಿ.

ಗೌಜಲಕ್ಕಿ ಮರುಗಲಿಲ್ಲ. ಅದು ಮರಳನ್ನು ನೋಡುತ್ತಿತ್ತು. ಕೆರೆಯ ಕಡೆಯಿಂದ ಒಂದು ಹೆಜ್ಜೆಸಾಲು ನೇರವಾಗಿ ಲಂಟಾನದ ಪೊದೆಗೆ ಹೋಗಿತ್ತು. ಮೂರು ಬೆರಳಿನ ಸಣ್ಣ ಹೆಜ್ಜೆ. ತನ್ನದೇ ಹೆಜ್ಜೆ. 'ಮೊಟ್ಟೆ ಇಲ್ಲಿದೆ, ಬಾ' ಎಂದು ತಾನೇ ಬರೆದಿಟ್ಟ ಹಾಗಿತ್ತು. ಇಂದು ನವಿಲಿನ ಗೂಡು ಓದಿದವನು ನಾಳೆ ತನ್ನದನ್ನು ಓದುತ್ತಾನೆ. ಮೊಟ್ಟೆಗಳನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಏನು ಮಾಡಿದರೂ ಇವತ್ತೇ ಮಾಡಬೇಕು.

"ಆನೆಯಮ್ಮ," ಎಂದಿತು ಅದು, "ಮರಳು ಕೇಳಿದ್ದು ಆಮೆಯಜ್ಜನ ಹೊಟ್ಟೆಗಲ್ಲ, ನರಿಯಣ್ಣನ ಹೊಟ್ಟೆಗೆ. ಸಂಜೆ ಗುಡಿಸುತ್ತಾನೆ. ಬೆಳಕು ಹರಿದ ಮೇಲೆ ಬಂದು ಯಾರು ಯಾವ ಪೊದೆಯಿಂದ ಹೊರಟರು ಎಂದು ನೋಡುತ್ತಾನೆ. ಮೊಟ್ಟೆ ತಿಂದದ್ದು ಇವನೇ."

"ಶಿವ ಶಿವಾ!" ನರಿ ಎರಡೂ ಕಿವಿ ಮಡಚಿತು. "ಕಸ ಗುಡಿಸಿದ್ದಕ್ಕೆ ಸಿಕ್ಕ ಮರ್ಯಾದೆ ನೋಡಿ! ಆಯಿತು, ಮರಳು ಇಲ್ಲೇ ಇದೆ. ನವಿಲಮ್ಮನ ಗೂಡಿನ ಹತ್ತಿರ ನನ್ನ ಒಂದೇ ಒಂದು ಹೆಜ್ಜೆ ತೋರಿಸಿ. ತೋರಿಸಿದರೆ ಈ ಕಾಡೇ ಬಿಟ್ಟು ಹೋಗುತ್ತೇನೆ."

ಎಲ್ಲರೂ ಮರಳು ತುಳಿಯದೆ ಅಂಚಿನಿಂದಲೇ ಬಗ್ಗಿ ಹುಡುಕಿದರು. ನವಿಲಿನ ಹೆಜ್ಜೆ ಇತ್ತು. ಆಮೆ ಎಳೆದುಕೊಂಡು ಹೋದ ಗುರುತಿತ್ತು. ನರಿಯದು ಒಂದೂ ಇರಲಿಲ್ಲ.

"ತಪ್ಪೊಪ್ಪಿಕೋ ಗೌಜಲಕ್ಕ," ಎಂದಿತು ಕಡವೆ. "ಸುಮ್ಮನೆ ಒಳ್ಳೆಯವರ ಮೇಲೆ ಗೂಬೆ ಕೂರಿಸಬೇಡ."

ಗೌಜಲಕ್ಕಿ ಕದಲಲಿಲ್ಲ. "ಆಮೆಯಜ್ಜ, ನೀವು ಇವತ್ತು ಈ ಕಡೆ ಬಂದದ್ದು ಎಷ್ಟು ಹೊತ್ತಿಗೆ?"

"ಬೆಳಕು ಹರಿಯುವಾಗ."

"ನಿಮ್ಮ ಗುರುತು ಇಲ್ಲಿಯವರೆಗೆ ಇದೆ. ಮತ್ತೆ ಅಲ್ಲಿಂದ ಮುಂದಿದೆ. ನಡುವೆ ಇಲ್ಲ. ನಡುವೆ ನೀವೇನು ಹಾರಿದಿರಾ?"

"ಈ ವಯಸ್ಸಿನಲ್ಲೇ?" ಎಂದಿತು ಆಮೆ.

ಆಗ ಎಲ್ಲರಿಗೂ ಅದು ಕಂಡಿತು. ನವಿಲಿನ ಪೊದೆಯಿಂದ ಹೊರಟ ಒಂದು ನುಣುಪು ಪಟ್ಟೆ ಆಮೆಯ ಗುರುತನ್ನು ಅಳಿಸಿ, ನವಿಲಿನ ಹೆಜ್ಜೆಯನ್ನು ಅರ್ಧಕ್ಕೆ ಕತ್ತರಿಸಿ, ಹಾದಿಯುದ್ದಕ್ಕೂ ಹೋಗಿತ್ತು. ಪಟ್ಟೆಯ ಅಗಲ ಒಂದು ಬಾಲದಷ್ಟು.

"ಅದು ನಿನ್ನೆ ಸಂಜೆ ಗುಡಿಸಿದ್ದು," ಎಂದಿತು ನರಿ.

"ನಿನ್ನೆ ಸಂಜೆ ಗುಡಿಸಿದ್ದು ಇವತ್ತು ಬೆಳಗಿನ ಗುರುತನ್ನು ಹೇಗಪ್ಪಾ ಅಳಿಸುತ್ತದೆ?"

"ಹಾವು! ಹಾವು ಹರಿದ ಜಾಡು ಅದು!"

"ಇರಬಹುದು," ಎಂದಿತು ಗೌಜಲಕ್ಕಿ. "ಬನ್ನಿ, ಆ ಹಾವಿನ ಮನೆ ನೋಡಿಕೊಂಡು ಬರೋಣ."

ನವಿಲು ಎಲ್ಲರಿಗಿಂತ ಮುಂದೆ ನಡೆಯಿತು. ಪಟ್ಟೆ ಕೆರೆಯ ಕೋಡಿ ದಾಟಿ, ಆಲದ ಬುಡ ಬಳಸಿ, ಒಂದು ಬಿಲದ ಎದುರು ನಿಂತಿತು. ಬಿಲದ ಬಾಯಲ್ಲಿ ನವಿಲಿನ ಮೊಟ್ಟೆಯ ಚಿಪ್ಪು ಚೆಲ್ಲಾಡಿತ್ತು. ಅದು ಯಾರ ಬಿಲ ಎಂದು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಹಿಂತಿರುಗಿ ನೋಡಿದರೆ ನರಿ ಇರಲಿಲ್ಲ. ಓಡುವವನಿಗೆ ಗುಡಿಸಲು ಪುರುಸೊತ್ತೆಲ್ಲಿ? ಅದರ ಹೆಜ್ಜೆಗಳು ಮರಳಿನಲ್ಲಿ ಒಂದೊಂದೂ ಅಚ್ಚೊತ್ತಿದ ಹಾಗೆ ಮೂಡಿದ್ದವು. ಆನೆ ಆ ಸಾಲು ಹಿಡಿದು ಹೋಗಿ, ಕಾರೆಮುಳ್ಳಿನ ಪೊದೆಯಲ್ಲಿ ಅಡಗಿದ್ದ ನರಿಯನ್ನು ಅದೇ ಬಾಲ ಹಿಡಿದು ಎಳೆದು, ಹೊಳೆಯ ಆಚೆಗೆ ಬೀಸಿ ಒಗೆಯಿತು. ನರಿ ಮತ್ತೆ ಈ ದಡಕ್ಕೆ ಬರಲಿಲ್ಲ. ನವಿಲಿನ ಮೊಟ್ಟೆಗಳೂ ಮರಳಿ ಬರಲಿಲ್ಲ.

ಅಂದೇ ಮರಳು ತೆಗೆದರು. ಗುಡ್ಡದ ಗರಸು ಬಂತು. ಆನೆ ಮೇಲೆ ಓಡಾಡಿ ಕೂರಿಸಿತು. ಆಮೆಗೆ ಹೊಟ್ಟೆ ತರಚುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ತಪ್ಪೊಪ್ಪಿಕೋ ಎಂದಿದ್ದ ಕಡವೆ ಕೆಲವು ದಿನ ಗೌಜಲಕ್ಕಿ ಎದುರಾದರೆ ಮರ ನೋಡುತ್ತ ನಡೆಯಿತು.

ಲಂಟಾನದ ಪೊದೆಯಲ್ಲಿ ಮೊಟ್ಟೆಗಳೆಲ್ಲ ಒಡೆದವು. ಗೌಜಲಕ್ಕಿ ಮರಿಗಳನ್ನು ಸಾಲಾಗಿ ಹೊರಡಿಸಿಕೊಂಡು ಹಾದಿ ದಾಟಿ ಕೆರೆಗೆ ಇಳಿಯಿತು. ದಾಟಿದ ಮೇಲೆ ಒಮ್ಮೆ ತಿರುಗಿ ನೋಡಿತು. ಅಷ್ಟೂ ಪುಟ್ಟ ಕಾಲುಗಳು ನಡೆದ ಗಟ್ಟಿ ನೆಲದ ಮೇಲೆ ಯಾರೂ ಓದುವಂಥದ್ದು ಏನೂ ಇರಲಿಲ್ಲ.

ನೀತಿ: ತಪ್ಪನ್ನು ಮುಚ್ಚಿಹಾಕಲು ಮಾಡಿದ ಕೆಲಸವೇ ತಪ್ಪಿಗೆ ಸಾಕ್ಷಿಯಾಗುತ್ತದೆ.