ಕಷಾಯದ ನೋಟಿಸು

ಪಂಚಾಯಿತಿ ಅಧ್ಯಕ್ಷ ಅಯ್ಯನಗೌಡರು ಮೊಬೈಲಿನಲ್ಲಿ ಒಂದು ಕಷಾಯದ ವಿಡಿಯೊ ನೋಡಿ ಮಾರುಹೋಗಿದ್ದರು. ಸಕ್ಕರೆ ಕಾಯಿಲೆಯವರು ಗುಳಿಗೆ ಬಿಟ್ಟು ಅದನ್ನು ಕುಡಿದರೆ ತಿಂಗಳಿಗೆ ಹತ್ತು ಕಿಲೋ ಇಳಿಯುತ್ತಾರಂತೆ.

"ಇದನ್ನ ಬರದು ಆಸ್ಪತ್ರೆ ಬೋರ್ಡಿಗೆ ಹಚ್ಚವ್ವಾ," ಎಂದು ನರ್ಸ್ ಹುಲಿಗೆಮ್ಮನಿಗೆ ಅಪ್ಪಣೆ ಮಾಡಿದರು.

ಗುಳಿಗೆ ಬಿಟ್ಟವರ ಪಾಡನ್ನು ಅವಳು ಕಣ್ಣಾರೆ ಕಂಡಿದ್ದಳು. ಏನಾದರೂ ಸರಿ, ಇದನ್ನು ಹಚ್ಚುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ಆಗ್ಲಿ ಗೌಡ್ರ. ಹೇಳಿದ ಡಾಕ್ಟ್ರು ಯಾರ್ರಿ?"

"ಯಾರಿಗ್ಗೊತ್ತು? ಲಕ್ಷ ಮಂದಿ ನೋಡ್ಯಾರ!"

ಹುಲಿಗೆಮ್ಮ ನೋಟಿಸು ಬರೆದು ಗಟ್ಟಿಯಾಗಿ ಓದಿದಳು: "ಹೇಳಿದ ಡಾಕ್ಟರು, ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡಿದವರು, ಗೊತ್ತಿಲ್ಲ. ಕುಡಿದು ಯಾರಿಗಾದರೂ ತ್ರಾಸಾದರೆ ಹೊಣೆ, ಅಧ್ಯಕ್ಷ ಅಯ್ಯನಗೌಡರು." ಆಮೇಲೆ ಪೆನ್ನು ಮುಂದಿಟ್ಟಳು. "ಒಂದು ಸಹಿ ಹಾಕ್ರಿ."

ಗೌಡರು ಪೆನ್ನು ಮುಟ್ಟಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, ಬೆರಳು ಚಾಚಿದರು.

"ಮೂರು ದಿನದಿಂದ ನಾನೂ ಗುಳಿಗೆ ಬಿಟ್ಟೀನಿ. ಮೊದ್ಲು ನನ್ನ ಸಕ್ಕರೆ ನೋಡವ್ವಾ."